ದೂರಿನ ಮಡಕೆ

ನಮ್ಮೂರಿನಲ್ಲಿ ದೇವರನ್ನು ಬೈದವನಿಗೆ ಶಿಕ್ಷೆಯಾಗಬೇಕಾದರೆ ಮೊದಲು ಒಂದು ಮಡಕೆ ಬೇಕು. ಆ ಮಡಕೆ ಮಾಡಿ ಕೊಡುತ್ತಿದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಒಳ್ಳೆಯವನೆಂದು ತಿಳಿದು ಅರ್ಧ ಓದಿ ಆಮೇಲೆ ಉಗಿಯುವುದು ಬೇಡ. ಉಗಿಯುವುದಿದ್ದರೆ ಈಗಲೇ ಉಗಿದು ಮುಂದಕ್ಕೆ ಓದಿ.

ನನ್ನ ಹೆಸರು ಗುರುಸಿದ್ದ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವನು. ಊರಿಗೆ ಒಂದೇ ಕುಂಬಾರರ ಮನೆ, ಅದು ನಮ್ಮದು. ಊರ ನಡುವೆ ಒಂದು ಹೊಂಡವಿದೆ. ಹೊಂಡದೊಳಗೆ ನಮ್ಮ ದೇವರು ಹೊಂಡದಯ್ಯ ಇದ್ದಾನೆ. ಅವನನ್ನು ಯಾರೂ ನೋಡಿಲ್ಲ. ಆ ಹೊಂಡದ ಜೇಡಿಮಣ್ಣಿನಲ್ಲಿ ಮಾಡಿದ ಮಡಕೆಗೆ ಬಾಯಿಟ್ಟು ಏನಾದರೂ ಹೇಳಿ ಮುಚ್ಚಿದರೆ ಮಾತು ಒಳಗೇ ಉಳಿಯುತ್ತದೆ. ಮುಚ್ಚಳ ತೆಗೆದಾಗ ಹೇಳಿದವರ ದನಿಯಲ್ಲೇ ಒಂದು ಸಲ ಹೊರಬಂದು ಮುಗಿದುಹೋಗುತ್ತದೆ. ನಮ್ಮಜ್ಜನ ಕಾಲದಲ್ಲಿ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಕುಡಿಕೆಯಲ್ಲಿ ಮಾತು ಕಳಿಸುತ್ತಿದ್ದರು. ಅತ್ತೆಯನ್ನು ಬೈದ ಕುಡಿಕೆ ಅತ್ತೆಯ ಕೈಗೇ ಸಿಕ್ಕಿ ಎಷ್ಟೋ ಮನೆಗಳು ಒಡೆದವಂತೆ. ಆದರೂ ಜನ ಕಳಿಸುವುದನ್ನು ಬಿಡಲಿಲ್ಲ. ಈಗ ಯಾರೂ ಕಳಿಸುವುದಿಲ್ಲ. ಊರ ಬಾಗಿಲಲ್ಲಿ ದೈವನಿಂದೆ ಹುಡುಕುವ ಕಿವಿ ಸಂಘದವರು ನಿಂತು ಪ್ರತಿಯೊಂದು ಕುಡಿಕೆಯನ್ನೂ ಬಿಚ್ಚಿ ಕೇಳುತ್ತಾರೆ. ಕೇಳಿದ ಮೇಲೆ ಒಳಗೆ ಏನುಳಿಯಿತು?

ದೈವನಿಂದೆಯ ಕಾಯಿದೆ ಬಂದ ಹೊಸದರಲ್ಲಿ ವಿಚಾರಣೆ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಮೊದಲ ಮೊಕದ್ದಮೆ ಗಾಣದವನೊಬ್ಬನ ಮೇಲೆ. ಅವನು ಅಯ್ಯನ ಬಗ್ಗೆ ಏನೋ ಅಂದ. ದೂರು ಕೊಟ್ಟವನು ಚಾವಡಿಗೆ ಬಂದು ಗಾಣದವನು ಹೀಗೆ ಹೀಗೆ ಅಂದನೆಂದು ಹೇಳಿದ. ಹೇಳಿದ ಕೂಡಲೇ ಅವನೂ ಅಂದಂತಾಯಿತು. ಇಬ್ಬರು ಸಾಕ್ಷಿಗಳು ಹೌದು, ಹೀಗೇ ಅಂದದ್ದು ಎಂದು ಇನ್ನೆರಡು ಸಲ ಅಂದರು. ಕರಣಿಕ ಬರೆದುಕೊಂಡ. ಆಗಿನ ಯಜಮಾನರು ತೀರ್ಪಿನಲ್ಲಿ ಅದನ್ನೇ ಗಟ್ಟಿಯಾಗಿ ಓದಿದರು. ಡಂಗುರದವನು ಹನ್ನೆರಡು ಓಣಿಗಳಲ್ಲಿ ಸಾರಿದ. ಕಾಯಿದೆಯ ಪ್ರಕಾರ ಅಂದವರೆಲ್ಲ ತಪ್ಪಿತಸ್ಥರು. ಏಳು ಜನ ಒಂದೇ ದಿನ ಊರು ಬಿಟ್ಟರು. ಡಂಗುರದವನಿಗೆ ಮಾತ್ರ ಹನ್ನೆರಡು ಪಟ್ಟು ಶಿಕ್ಷೆಯಾಯಿತು. ಒಬ್ಬನನ್ನು ಹನ್ನೆರಡು ಸಲ ಊರು ಬಿಡಿಸುವುದು ಹೇಗೆಂದು ತಿಳಿಯದೆ ಅದನ್ನು ಅಷ್ಟಕ್ಕೇ ಬಿಟ್ಟರು.

ಆಮೇಲೆ ಮಡಕೆಯ ಪದ್ಧತಿ ಬಂತು. ದೂರು ಕೊಡುವವನು ಹೊಂಡದ ಮಣ್ಣಿನ ಮಡಕೆಯೊಂದನ್ನು ನನ್ನಲ್ಲಿ ಕೊಳ್ಳಬೇಕು. ಚಾವಡಿಯ ಹಿಂದಿನ ಕೋಣೆಗೆ ಒಬ್ಬನೇ ಹೋಗಿ, ಕೇಳಿದ ನಿಂದೆಯನ್ನು ಮಡಕೆಯೊಳಗೆ ಹೇಳಿ ಮುಚ್ಚಳ ಹಾಕಬೇಕು. ನಾನು ಎಲ್ಲರೆದುರು ಮುಚ್ಚಳದ ಸುತ್ತ ಹಸಿಮಣ್ಣು ಮೆತ್ತಿ ಬಂದ್ ಮಾಡಬೇಕು. ಅದೇ ಸಾಕ್ಷಿ. ಅದನ್ನು ಎಂದೂ ತೆರೆಯುವಂತಿಲ್ಲ, ತೆರೆದರೆ ನಿಂದೆ ಊರಿಗೆಲ್ಲ ಕೇಳಿಸುತ್ತದೆ. ಮಡಕೆ ಉಂಟೋ ಎಂದು ಯಜಮಾನರು ಕೇಳುತ್ತಾರೆ. ಉಂಟು ಎನ್ನುತ್ತಾರೆ. ಯಾರ ಹೆಸರಿನಲ್ಲಿ ಎಂದು ಕೇಳುತ್ತಾರೆ. ಹೆಸರು ಹೇಳುತ್ತಾರೆ. ಮುಗಿಯಿತು. ತಾನು ಏನಂದೆ ಎಂದು ಆರೋಪಿ ಕೇಳಿದರೆ ಹೇಳುವಂತಿಲ್ಲ, ಹೇಳಿದವನೂ ಆರೋಪಿಯಾಗುತ್ತಾನೆ. ದೀಪ ಹಚ್ಚುವುದರೊಳಗೆ ಅವನು ಊರ ಗಡಿಯ ಹಳ್ಳ ದಾಟಬೇಕು. ಅವನ ಮನೆಯ ಬಾಗಿಲಿಗೂ ಹಸಿಮಣ್ಣು ಮೆತ್ತುತ್ತಾರೆ. ಆ ಕೆಲಸವೂ ನನ್ನದೇ. ಹದಿನೆಂಟು ಬಾಗಿಲು ಮೆತ್ತಿದ್ದೇನೆ.

ಜನ ಎಂಥದಕ್ಕೂ ಹೊಂದಿಕೊಳ್ಳುತ್ತಾರೆ. ಪ್ರತಿ ಮಾತಿಗೂ ಮೊದಲು ಅಯ್ಯ ದೊಡ್ಡವನು ಎಂದು ಸೇರಿಸುವುದನ್ನು ಕಲಿತರು. ಅಯ್ಯ ದೊಡ್ಡವನು, ಅರ್ಧ ಕಿಲೋ ಉಳ್ಳಾಗಡ್ಡಿ ಕೊಡು. ಅಯ್ಯ ದೊಡ್ಡವನು, ನಿನ್ನ ಎಮ್ಮೆ ನನ್ನ ಹಿತ್ತಲಿಗೆ ನುಗ್ಗಿದೆ. ಮದುವೆಗೆ ಪಾತ್ರೆಪಗಡದ ಬದಲು ಎರಡು ಮಡಕೆ ಉಡುಗೊರೆ ಕೊಡುವುದು ರೂಢಿಯಾಯಿತು, ಗಂಡನಿಗೊಂದು, ಹೆಂಡತಿಗೊಂದು. ಒಂದು ಮಡಕೆಯನ್ನು ಬೀದಿಗೆ ಕಾಣುವಂತೆ ಕಟ್ಟೆಯ ಮೇಲಿಟ್ಟುಕೊಂಡರೆ ಪಕ್ಕದ ಮನೆಯವರು ತಮ್ಮಷ್ಟಕ್ಕೆ ಗೋಡೆ ಒಂದು ಮೊಳ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಒಬ್ಬ ಬಣ್ಣದವನು ಅಂಗಡಿಯ ಹಲಗೆಯ ಮೇಲೆ ಅಯ್ಯನ ಚಿತ್ರ ಬರೆದು ಮೀಸೆ ಇಟ್ಟ. ಅಯ್ಯನಿಗೆ ಮೀಸೆಯಿಲ್ಲ ಎನ್ನುವವರು ಮಡಕೆ ತಂದರು. ಅವನು ಹೆದರಿ ಮೀಸೆ ಅಳಿಸಿದ. ಮೀಸೆಯಿದೆ ಎನ್ನುವವರು ಮಡಕೆ ತಂದರು. ಎರಡು ಕಡೆಯವರ ದೂರಿನಲ್ಲೂ ತಪ್ಪಿತಸ್ಥನಾದವನು ಅವನೊಬ್ಬನೇ. ಅವನ ಬಾಗಿಲಿಗೆ ಎರಡು ಸಲ ಮೆತ್ತಿದೆ.

ಈಗ ನನ್ನ ಗುಟ್ಟು ಹೇಳುತ್ತೇನೆ. ಮಡಕೆಯನ್ನು ಬೆರಳಿನ ಗೆಣ್ಣಿನಿಂದ ಬಡಿದರೆ ಒಳಗೆ ಮಾತಿದೆಯೋ ಇಲ್ಲವೋ ಕುಂಬಾರನಿಗೆ ಗೊತ್ತಾಗುತ್ತದೆ. ಮಾತಿದ್ದರೆ ಹಸಿ ಬಟ್ಟೆ ತುರುಕಿದಂತೆ ಮಂದವಾಗಿ ಕೇಳುತ್ತದೆ. ಖಾಲಿಯಿದ್ದರೆ ಗಂಟೆಯಂತೆ ಕಣ್ ಎನ್ನುತ್ತದೆ. ಬೇರೆಯವರ ಕಿವಿಗೆ ಎರಡೂ ಒಂದೇ. ಮಣ್ಣು ಮೆತ್ತುವ ಮುಂಚೆ ಬಿರುಕಿದೆಯೇ ಎಂದು ಬಡಿದು ನೋಡುವುದು ನನಗೆ ಅಭ್ಯಾಸ. ಹಾಗೆ ಬಡಿದಾಗ ಬಹಳಷ್ಟು ದೂರಿನ ಮಡಕೆಗಳು ಖಾಲಿಯೆಂದು ನನಗೆ ತಿಳಿಯುತ್ತಿತ್ತು. ಕಾರಣ ಸರಳ. ದೂರು ಕೊಡುವವನಿಗೂ ಅಯ್ಯನ ಭಯ. ಕೋಣೆಯಲ್ಲಿ ಒಬ್ಬನೇ ಇದ್ದರೂ ಆ ಮಾತನ್ನು ತನ್ನ ಬಾಯಿಂದ ಆಡಲು ಅವನಿಗೆ ಧೈರ್ಯವಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ನಿಂತು ಮುಚ್ಚಳ ಹಾಕಿ ಹೊರಗೆ ಬರುತ್ತಾನೆ. ಕೆಲವರ ಬಳಿ ಹೇಳಲು ಮಾತೇ ಇರುತ್ತಿರಲಿಲ್ಲ.

ಶಾಂತವೀರ ಮೇಷ್ಟ್ರು ನನಗೆ ಅಕ್ಷರ ಕಲಿಸಿದವರು. ಆಳ ಅಳೆಯುವುದನ್ನು ಮಕ್ಕಳಿಗೆ ತೋರಿಸಲು ಒಂದು ದಿನ ಹಗ್ಗಕ್ಕೆ ಕಲ್ಲು ಕಟ್ಟಿ ಹೊಂಡಕ್ಕೆ ಇಳಿಬಿಟ್ಟರು. ಅಯ್ಯನನ್ನು ಅಳೆದರೆಂದು ಮರುದಿನವೇ ಮಡಕೆ ಬಂತು. ಬಡಿದೆ. ಕಣ್ ಅಂತು. ಮೇಷ್ಟ್ರು ನನ್ನ ಕೈಯನ್ನೇ ನೋಡುತ್ತಿದ್ದರು. ಸಂಜೆ ಗಂಟು ಹೊತ್ತು ಹೋಗುವಾಗ ನನ್ನ ಮನೆಯ ಮುಂದೆ ನಿಂತರು.

"ಗುರುಸಿದ್ದಾ, ನಿನ್ನ ಬೆರಳಿಗೆ ಏನ್ ಕೇಳಿಸ್ತೋ?" ಎಂದರು.

ನಾನು ತಿಗರಿಯ ಮೇಲೆ ಬಗ್ಗಿಕೊಂಡು ಕೆಲಸವಿದ್ದವನಂತೆ ಮಣ್ಣು ಒತ್ತಿದೆ. ತಿಗರಿ ನಿಂತಿತ್ತು. ಮೇಷ್ಟ್ರು ಹೋದರು. ಇದನ್ನೆಲ್ಲ ನೋಡಿದ ನನ್ನ ಹೆಂಡತಿ ಬಾಳವ್ವ ನನ್ನೊಂದಿಗೆ ನಾಲ್ಕು ದಿನ ಮಾತಾಡಲಿಲ್ಲ. ನನಗೆ ಸಿಟ್ಟು ಬಂದು, ನನ್ನ ಕೆಲಸ ಮಡಕೆ ಮಾಡುವುದು, ಒಳಗೇನಿದೆ ಎಂದು ನೋಡುವುದಲ್ಲ ಎಂದು ಕೂಗಾಡಿದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು.

ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಜಂಬಣ್ಣ ನಮ್ಮ ಮನೆಗೆ ಬಂದ. ಕಿವಿ ಸಂಘದ ಮುಖ್ಯಸ್ಥನೇ ಅವನು. ಹೊಂಡದ ನೀರನ್ನು ಬಾಟಲಿಯಲ್ಲಿ ತುಂಬಿ ತೀರ್ಥವೆಂದು ಸುತ್ತಲ ಊರುಗಳಿಗೆ ಮಾರುವುದು ಅವನ ವ್ಯಾಪಾರ. ದೊಡ್ಡ ಮಡಕೆ ಬೇಕೆಂದ. ಯಾರ ಮೇಲೆ ಎಂದು ಕುಂಬಾರ ಕೇಳಬಾರದು, ಅದು ನಿಯಮ. ನಾನು ಕೇಳಲಿಲ್ಲ. ಇರುವುದರಲ್ಲಿ ಒಳ್ಳೆಯದನ್ನು ಆರಿಸಿ, ಈ ಸಲದ ಆವಿಗೆ ಬಹಳ ಚೆನ್ನಾಗಿ ಬೆಂದಿದೆ, ಇದಕ್ಕೆ ನೂರು ವರ್ಷ ಏನೂ ಆಗುವುದಿಲ್ಲ ಎಂದು ಹೊಗಳಿ ಅವನ ತಲೆಯ ಮೇಲೆ ನಾನೇ ಎತ್ತಿಟ್ಟೆ. ಮಧ್ಯಾಹ್ನ ಕಿವಿ ಸಂಘದವರು ನಮ್ಮ ಬಾಗಿಲಿಗೇ ಬಂದು ಬಾಳವ್ವನ ಹೆಸರು ಕೂಗಿದರು.

 ಏನಂದೆ, ಯಾವಾಗ ಅಂದೆ, ಯಾರೆದುರು ಅಂದೆ ಎಂದು ಅವಳ ಮೇಲೆ ಹರಿಹಾಯ್ದೆ.

"ದಿನಕ್ಕ ಸಾವಿರ ಮಾತ ಆಡ್ತೀನ್ರಿ. ಅದ್ರಾಗ ಅವಂಗ ಯಾವ್ದು ಚುಚ್ಚೈತೋ ನಂಗೇನ್ ಗೊತ್ತು?" ಎಂದಳು.

ಕುಳಿತು ನೆನಪು ಮಾಡಿಕೊಂಡಳು. ಮೊನ್ನೆ ಎಮ್ಮೆಗೆ ಬೈದದ್ದು, ಬೀಗಿತ್ತಿಗೆ ಬೈದದ್ದು, ನನಗೆ ಬೈದದ್ದು ಎಲ್ಲ ಬಂತು. ಕೊನೆಗೆ ಹಿಂದಿನ ದಿನ ಮಣ್ಣು ತರಲು ಹೊಂಡಕ್ಕೆ ಇಳಿದಾಗ ನೀರು ತುಂಬುವ ಹೆಂಗಸರ ಮುಂದೆ ಒಂದು ಮಾತು ಅಂದದ್ದು ನೆನಪಾಯಿತು. ಮೇಲೆ ಜಂಬಣ್ಣ ಬಾಟಲಿ ತೊಳೆಯುತ್ತಾ ನಿಂತಿದ್ದನಂತೆ. ಅದೇ ಇರಬೇಕು ಎಂದಳು. ಮಾತೇನೆಂದು ನನ್ನ ಕಿವಿಯಲ್ಲಿ ಹೇಳಿದಳು. ಇಷ್ಟೇಯಾ ಎಂದೆ. ಇಷ್ಟೇ ಎಂದಳು. ಮೂವತ್ತು ವರ್ಷ ಬಾಳಿದ ಮನೆಯನ್ನು ಅಷ್ಟು ಮಾತಿಗೆ ಬಿಟ್ಟು ಹೋಗಬೇಕೆಂಬುದು ನನ್ನ ತಲೆಗೆ ಇಳಿಯಲೇ ಇಲ್ಲ. ಅವಳು ಆಗಲೇ ಸೀರೆಗಳನ್ನು ಮಡಚಲು ಶುರುಮಾಡಿದ್ದಳು.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಊರೆಲ್ಲ ಸೇರಿತ್ತು. ಮನೆಗೊಬ್ಬರು ಬರಲೇಬೇಕು, ಬಾರದಿದ್ದರೆ ಅದೂ ಒಂದು ದೂರು. ಯಜಮಾನ ವಿರೂಪಣ್ಣನವರು ಕಟ್ಟೆಯ ಮೇಲೆ ಕುಳಿತಿದ್ದರು. ಸಮಾಧಾನದ ಮನುಷ್ಯ. ಹದಿನೆಂಟು ಜನರನ್ನು ಊರು ಬಿಡಿಸಿದಾಗಲೂ ದನಿ ಏರಿಸಿದವರಲ್ಲ. ಬಾಳವ್ವನ ಕೈಗಳನ್ನು ಸೆರಗಿನಲ್ಲೇ ಕಟ್ಟಿ ಕಂಬದ ಬಳಿ ನಿಲ್ಲಿಸಿದ್ದರು. ಜಂಬಣ್ಣ ಹಿಂದಿನ ಕೋಣೆಯಿಂದ ಮಡಕೆ ತಂದು ನನ್ನ ಮುಂದಿಟ್ಟ. ನಾನು ಹಸಿಮಣ್ಣಿನ ಮುದ್ದೆ ಪಕ್ಕಕ್ಕಿಟ್ಟು ಬಡಿದೆ. ಕಣ್ ಅಂತು. ಇನ್ನೊಂದು ಸಲ ಬಡಿದೆ. ನನ್ನ ಹೆಂಡತಿಯನ್ನು ಹಳ್ಳ ದಾಟಿಸುವ ಸಾಕ್ಷಿಯೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

"ಯಜಮಾನ್ರ, ಈ ಮಡಕಿ ಖಾಲಿ ಐತಿ," ಎಂದೆ.

ವಿರೂಪಣ್ಣನವರು ಕಟ್ಟೆಯಿಂದ ಮುಂದಕ್ಕೆ ಬಾಗಿದರು. ನಿನಗೆ ಹೇಗೆ ಗೊತ್ತು, ಕಿವಿಗೊಟ್ಟು ಕೇಳಿದೆಯಾ ಎಂದರು. ಬಡಿದರೆ ಕುಂಬಾರನಿಗೆ ತಿಳಿಯುತ್ತದೆ, ಅಜ್ಜನಿಂದ ಬಂದ ವಿದ್ಯೆ ಎಂದೆ.

"ಹಂಗಾದ್ರ ಹಿಂದಿನ ಹದಿನೆಂಟು ಮಂದಿ ಮಡಕೀನೂ ಬಡದಿದ್ದಿ?"

"ಬಡದಿದ್ದೆ."

"ಅವು?"

"ಅದ್ರಾಗೂ ಭಾಳಷ್ಟು ಖಾಲಿ ಇದ್ವು."

"ಅವತ್ತ ಯಾಕ ಹೇಳ್ಲಿಲ್ಲಪಾ?"

 ಜನರಲ್ಲಿ ಯಾರೋ ನಕ್ಕರು. ವಿರೂಪಣ್ಣನವರು ನಗಲಿಲ್ಲ. ಅವತ್ತು ಖಾಲಿಯಾದರೂ ನಡೆದದ್ದು ಇವತ್ತು ಹೆಂಡತಿಯ ಹೆಸರು ಬಂದ ಕೂಡಲೇ ನಡೆಯದೆ ಹೋಗುವುದು ನ್ಯಾಯವಲ್ಲ ಎಂದರು. ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಅಷ್ಟರಲ್ಲಿ ಜಂಬಣ್ಣ ಎದ್ದು ನಿಂತ. ತಾನು ಕೋಣೆಯಲ್ಲಿ ಎಲ್ಲವನ್ನೂ ಹೇಳಿದ್ದಾಗಿಯೂ, ನಿಂದೆ ಅಷ್ಟು ಘೋರವಾದದ್ದರಿಂದ ಮಡಕೆಗೆ ತಡೆಯಲಾಗಲಿಲ್ಲವೆಂದೂ ವಿವರಿಸಿದ. ಆಮೇಲೆ ನನ್ನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದ.

"ಇವ್ನ ಮಡಕಿ ಸೋರ್ತಾವ್ರಿ. ಮೊದ್ಲಿಂದ್ಲೂ ಹಿಂಗ. ಸರಿಯಾಗಿ ಸುಡಾಂಗಿಲ್ಲ."

ದೇವರ ಹೆಸರಿನಲ್ಲಿ ಹದಿನೆಂಟು ಬಾಗಿಲು ಮೆತ್ತಿದಾಗ ಬಾರದಿದ್ದ ಸಿಟ್ಟು ಆಗ ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆಂಡತಿಗಾಗಿ ಬಂದ ಸಿಟ್ಟಿಗಿಂತಲೂ ಅದು ಜೋರಾಗಿತ್ತು. ನಮ್ಮಪ್ಪ, ನಮ್ಮಜ್ಜ, ಅವನಪ್ಪ ಯಾರ ಮಡಕೆಯೂ ಒಂದು ಹನಿ ಸೋರಿದ್ದಿಲ್ಲ. ನನ್ನ ಮಡಕೆ ಸೋರುತ್ತದೇನೋ ಎಂದು ಕೂಗಿ ಅದನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದೆ.

ದೂರಿನ ಮಡಕೆ ಒಡೆಯುವಾಗ ಕೇಳಿಸಿಕೊಂಡವರೂ ತಪ್ಪಿತಸ್ಥರು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಕ್ಷಣದಲ್ಲಿ ಇಡೀ ಚಾವಡಿ ಕಿವಿಗೆ ಬೆರಳು ತುರುಕಿಕೊಂಡಿತು. ಕೆಲವರು ಕಣ್ಣೂ ಮುಚ್ಚಿದರು. ವಿರೂಪಣ್ಣನವರು ರುಮಾಲನ್ನೇ ಕಿವಿಗೆಳೆದುಕೊಂಡರು. ಕಿವಿ ಸಂಘದವರು ಒಬ್ಬರ ಕಿವಿ ಒಬ್ಬರು ಮುಚ್ಚಿದರು. ನಾನು ಮಡಕೆಯನ್ನು ಕಲ್ಲಿನ ಮೇಲೆ ಅಪ್ಪಳಿಸಿದೆ. ಚೂರುಗಳು ಹಾರಿದವು. ಒಂದು ಶಬ್ದವೂ ಬರಲಿಲ್ಲ, ಒಂದು ಉಸಿರೂ ಬರಲಿಲ್ಲ. ನೋಡಿ, ನೋಡಿ ಎಂದು ಕೂಗಿದೆ. ಯಾರೂ ಬೆರಳು ತೆಗೆಯಲಿಲ್ಲ. ಮಡಕೆ ಖಾಲಿಯಿತ್ತು ಎಂಬುದನ್ನು ಕೇಳಿದವರು ಆ ಚಾವಡಿಯಲ್ಲಿ ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ಕೈ ಕಟ್ಟಿಸಿಕೊಂಡಿದ್ದ ಬಾಳವ್ವ.

ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳು ಒಂದೊಂದಾಗಿ ಹೊರಬಂದವು. ಯಾರಾದರೂ ಏನಾದರೂ ಕೇಳಿದಿರಾ ಎಂದು ವಿರೂಪಣ್ಣನವರು ವಿಚಾರಿಸಿದರು. ಯಾರಿಗೂ ಏನೂ ಕೇಳಿಸಿರಲಿಲ್ಲ. ಏನೂ ಇರಲಿಲ್ಲವಾದ್ದರಿಂದ ಕೇಳಿಸಲಿಲ್ಲವೋ, ಕಿವಿ ಮುಚ್ಚಿದ್ದರಿಂದ ಕೇಳಿಸಲಿಲ್ಲವೋ ಎಂದು ನಾನು ಕೇಳಿದೆ. ಏನೂ ಇರಲಿಲ್ಲವೆಂದು ಹೇಳಬೇಕಾದರೆ ಕಿವಿ ತೆರೆದಿರಬೇಕು, ಕಿವಿ ತೆರೆದಿದ್ದರೆ ಅದೇ ಅಪರಾಧ ಎಂದು ಅವರು ಸಮಾಧಾನದಿಂದ ತಿಳಿಸಿದರು. ಜಂಬಣ್ಣ ಹೊಸ ಮಡಕೆಯಲ್ಲಿ ಮತ್ತೆ ದೂರು ಕೊಡಲಿ, ಮಡಕೆಯನ್ನು ನಾನೇ ಮಾಡಿಕೊಡಬೇಕು ಎಂದು ಹೇಳಿ ಏಳಲು ಹೊರಟರು.

ಆಗ ಬಾಳವ್ವ ಬಾಯಿ ತೆರೆದಳು.

"ಇನ್ನೊಂದ್ ಮಡಕಿ ಯಾಕ ಹಾಳ್ ಮಾಡ್ತೀರಿ? ನಾ ಅಂದದ್ದ ನಾನಽ ಹೇಳ್ತೀನಿ ಕೇಳ್ರಿ. ಹೊಂಡದ ನೀರು ನಾರಾಕತ್ತೈತಿ. ಹೂಳು ತಗಸ್ರಿ. ಒಳಗಿರೋ ಅಯ್ಯ ಆದ್ರೂ ಹೆಂಗ ಉಸುರಾಡ್ಬೇಕು ಅಂದೆ. ಇಷ್ಟಽ."

ಯಾರಿಗೂ ಬೆರಳೆತ್ತುವಷ್ಟು ಪುರುಸೊತ್ತು ಸಿಗಲಿಲ್ಲ. ಅವಳ ದನಿ ಹೇಗೂ ದೊಡ್ಡದು. ಹಿಂದಿನ ಸಾಲಿನವರಿಗೂ ಕೇಳಿಸಿತು. ಚಾವಡಿಯಲ್ಲಿ ಎಲ್ಲರೂ ಹೊಂಡದ ಕಡೆಗೇ ಮೂಗು ತಿರುಗಿಸಿದರು. ಗಾಳಿ ಅಲ್ಲಿಂದಲೇ ಬೀಸುತ್ತಿತ್ತು. ಹತ್ತು ವರ್ಷದಿಂದ ಆ ವಾಸನೆಗೆ ಸೆರಗು, ರುಮಾಲು ಹಿಡಿದು ಓಡಾಡಿದ ಊರು ಅದು. ಆದರೆ ಬಾಯಿಬಿಟ್ಟು ಹೇಳಿದ್ದನ್ನು ಅವತ್ತೇ ಕೇಳಿದ್ದು.

ವಿರೂಪಣ್ಣನವರ ಮುಖ ಮೊದಲ ಬಾರಿಗೆ ಬಿಳಿಚಿತು. ನಿಂದೆ ಕೇಳಿದವರು ಮೂರು ದಿನದೊಳಗೆ ದೂರು ಕೊಡಬೇಕು, ಕೊಡದಿದ್ದರೆ ಅವರೂ ಪಾಲುದಾರರು ಎಂದು ಕಾಯಿದೆಯಲ್ಲಿದೆ. ಈಗ ಊರಿಗೆ ಊರೇ ಕೇಳಿತ್ತು. ಮುನ್ನೂರು ಮನೆ, ಮುನ್ನೂರು ಮಡಕೆ. ಸೋರುತ್ತವೆ ಎಂಬ ಮಾತು ಬಂದದ್ದರಿಂದ ಮನೆಗಳಲ್ಲಿದ್ದ ಹಳೆಯ ಮಡಕೆ ಇನ್ನು ನಡೆಯುವುದಿಲ್ಲ, ದೂರಿಗೆ ಹೊಸದೇ ಬೇಕು. ಒಂದೇ ನಿಂದೆಯ ಮೇಲಿನ ದೂರುಗಳೆಲ್ಲ ಒಟ್ಟಿಗೇ ವಿಚಾರಣೆಯಾಗಬೇಕಾದ್ದರಿಂದ ಅಲ್ಲಿಯವರೆಗೆ ಬಾಳವ್ವ ಮನೆಯಲ್ಲೇ ಇರಬಹುದೆಂದರು. ನಾವು ಮನೆ ತಲುಪುವಷ್ಟರಲ್ಲಿ ಬಾಗಿಲ ಮುಂದೆ ಸಾಲು ನಿಂತಿತ್ತು.

ಒಬ್ಬರಿಗೂ ಮಡಕೆ ಮಾಡುವುದಿಲ್ಲ ಎಂದು ನಾನು ಕೋಲು ಹಿಡಿದು ನಿಂತೆ. ಬಾಳವ್ವ ಕೋಲು ಕಿತ್ತುಕೊಂಡಳು. ಮಾಡಿ, ಆದರೆ ಮಣ್ಣು ಅವರೇ ತರಲಿ ಎಂದಳು. ಅವಳ ಕಣ್ಣಿನಲ್ಲಿದ್ದದ್ದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಾಲಿನ ಮುಂದೆ ನಿಂತು ಹೇಳಿದೆ, ದಂಡೆಯ ಮಣ್ಣು ಮುಗಿದಿದೆ, ಇನ್ನು ನಡುಹೊಂಡದ ಮಣ್ಣೇ ಆಗಬೇಕು, ಮೇಲಿನ ಕೊಳೆ ಪೂರ್ತಿ ಎತ್ತಿ ಹಾಕಿ ತಳದ ಜೇಡಿ ತನ್ನಿ, ಕಡಿಮೆ ತಂದವರ ಮಡಕೆ ಸೋರಿದರೆ ನನ್ನನ್ನು ಕೇಳಬೇಡಿ. ಸೋರುತ್ತದೆ ಎಂದ ಕೂಡಲೇ ಎಲ್ಲರೂ ಬುಟ್ಟಿ ತರಲು ಓಡಿದರು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಹೊಂಡ ನಾರುತ್ತದೆ ಎಂದವಳ ಮೇಲೆ ದೂರು ಕೊಡಲು ಊರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಂಡಕ್ಕಿಳಿಯಿತು. ಕಪ್ಪು ಹೂಳು ಬುಟ್ಟಿ ಬುಟ್ಟಿ ಮೇಲೆ ಬಂತು. ಜಂಬಣ್ಣ ಸೊಂಟದವರೆಗೆ ಕೆಸರಿನಲ್ಲಿ ನಿಂತು, ಅಯ್ಯ ದೊಡ್ಡವನು, ಬುಟ್ಟಿ ಕೊಡು ಎನ್ನುತ್ತಿದ್ದ. ಕೊಳೆತ ಹೂಮಾಲೆ, ತೆಂಗಿನ ಚಿಪ್ಪು, ಅವನದೇ ಒಡೆದ ಬಾಟಲಿಗಳು, ಒಂದು ಸೈಕಲ್ ಗಾಲಿ ಸಿಕ್ಕಿದವು. ಅಯ್ಯ ಸಿಗಲಿಲ್ಲ. ಸಿಗಲಿಲ್ಲವೆಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಮೂರು ದಿನ ಸಾಲದೆ ವಿರೂಪಣ್ಣನವರು ಗಡುವನ್ನು ಒಂದು ತಿಂಗಳಿಗೆ ಏರಿಸಿದರು. ತಿಂಗಳ ಕೊನೆಗೆ ಹೊಂಡದ ತಳದಲ್ಲಿ ಹೊಸ ಊಟೆ ಒಡೆದು ತಿಳಿನೀರು ನಿಂತಿತು.

ಮಡಕೆ ಮಾಡುವುದರಲ್ಲಿ ನಾನು ಕಳ್ಳಾಟ ಆಡಲಿಲ್ಲ. ಸೋರುತ್ತದೆ ಎಂದು ಇನ್ನೊಮ್ಮೆ ಅನ್ನಿಸಿಕೊಳ್ಳುವ ಇಷ್ಟ ನನಗಿರಲಿಲ್ಲ. ಜನ ಒಬ್ಬೊಬ್ಬರಾಗಿ ಚಾವಡಿಯ ಹಿಂದಿನ ಕೋಣೆಗೆ ಹೋಗಿ ಬಂದರು. ನಾನು ಮಣ್ಣು ಮೆತ್ತುವ ಮುಂಚೆ ಒಂದೊಂದನ್ನೂ ಬಡಿದೆ. ಮಂದ ಶಬ್ದ. ಎರಡನೆಯದೂ ಮಂದ. ಮೂರನೆಯದೂ. ಮುನ್ನೂರರಲ್ಲಿ ಒಂದೂ ಖಾಲಿಯಿರಲಿಲ್ಲ. ಹೇಳಲು ಎಲ್ಲರ ಬಳಿಯೂ ಮಾತಿತ್ತು, ಅದು ಏನೆಂದು ಎಲ್ಲರಿಗೂ ಗೊತ್ತಿತ್ತು, ಅದು ನಿಜವಾಗಿತ್ತು. ಆ ಕೋಣೆಯಲ್ಲಿ ಒಬ್ಬೊಬ್ಬರೇ ನಿಂತು ಊರಿನವರೆಲ್ಲ ಹೊಂಡ ನಾರುತ್ತದೆ ಎಂದು ಮನಸಾರೆ ಹೇಳಿ ಬಂದಿದ್ದರು. ಕೆಲವರು ಒಳಗೆ ಬಹಳ ಹೊತ್ತು ಇದ್ದರು, ಇನ್ನೂ ಏನೇನು ಹೇಳಿಕೊಂಡರೋ. ಹೊರಗೆ ಬಂದವರ ಮುಖ ಹಗುರವಾಗಿರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ತಲೆ ತಗ್ಗಿಸುತ್ತಿದ್ದರು.

ಇಷ್ಟು ಜನ ಒಂದೇ ಮಾತು ಆಡಿದ ಮೇಲೆ ಇನ್ನೇನು ಶಿಕ್ಷೆ ಎಂದುಕೊಂಡಿದ್ದೆ. ನಾನು ಹೆಡ್ಡ. ವಿಚಾರಣೆಯ ದಿನ ದೂರಿನ ಮಡಕೆಗಳನ್ನಿಡುವ ಮಡಕೆಮನೆ ತುಂಬಿ, ಜಗುಲಿ ತುಂಬಿ, ಮೆಟ್ಟಿಲ ಮೇಲೂ ಮಡಕೆ ಸಾಲಾಗಿ ಇಟ್ಟಿದ್ದರು. ವಿರೂಪಣ್ಣನವರು ಅವನ್ನು ನೋಡಿ ಕೈಮುಗಿದರು. ಕಾಯಿದೆ ಬಂದ ಮೇಲೆ ಇಷ್ಟು ಮಡಕೆಗಳ ಪಾಪ ಇದೇ ಮೊದಲು, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದು ತೀರ್ಪು ಕೊಟ್ಟರು. ಬಾಳವ್ವ ದೀಪ ಹಚ್ಚುವುದರೊಳಗೆ ಹಳ್ಳ ದಾಟಬೇಕು. ನನ್ನ ವಿಷಯ ಬಂದಾಗ ದನಿ ಇನ್ನೂ ಮೆತ್ತಗಾಯಿತು.

"ನೀ ಊರಿಗೆ ಬೇಕಾದಂವ, ಗುರುಸಿದ್ದಾ. ಮಡಕಿ ಒಡದದ್ದ ಸಿಟ್ಟಿನಾಗ ಆತು ಅಂತ ಬರಸ್ತೀವಿ. ಮನ್ಯಾಗ ಆರಾಮ ಇರು."

ಆರಾಮ ಇರುವ ಮನೆಯ ಬಾಗಿಲಿಗೆ ಮಣ್ಣು ಮೆತ್ತುವುದು ಹೇಗೆಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಗಂಡ ನಿರಪರಾಧಿ, ಹೆಂಡತಿ ಅಪರಾಧಿ, ಮನೆ ಒಂದೇ. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಮಾತ್ರ ಮೆತ್ತಿದರೆ ಸಾಕೆಂದು ತೀರ್ಮಾನವಾಯಿತು. ನಾನು ಮನೆಗೆ ಹೋಗಿ ತಿಗರಿ ಹೊರಗಿಟ್ಟೆ, ಮಡಕೆ ತಟ್ಟುವ ಹಲಗೆ ಹೊರಗಿಟ್ಟೆ, ಎರಡು ಹಾಸಿಗೆ ಸುತ್ತಿ ಹೊರಗಿಟ್ಟೆ. ಬೀದಿ ಬಾಗಿಲನ್ನು ಎಳೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಒಂದು ಸಂದೂ ಬಿಡದೆ ಮೆತ್ತಿದೆ. ಅಷ್ಟು ನೀಟಾಗಿ ಯಾವ ಬಾಗಿಲನ್ನೂ ಮೆತ್ತಿರಲಿಲ್ಲ. ಬಾಳವ್ವ ಪಕ್ಕದಲ್ಲಿ ನಿಂತು ನೋಡಿ, ಈ ಧೈರ್ಯ ಮೇಷ್ಟ್ರು ಹೋಗುವಾಗ ಎಲ್ಲಿತ್ತು ಎಂದು ಕೇಳಿದಳು. ನಾನು ಕೈ ತೊಳೆದುಕೊಂಡೆ.

ಎದುರು ಮನೆಯ ಓಬವ್ವ ರೊಟ್ಟಿಗಂಟು ತಂದು ಬಾಳವ್ವನ ಕೈಗಿಟ್ಟಳು. ಬೆಳಿಗ್ಗೆ ಅವಳ ಮಡಕೆಗೂ ನಾನೇ ಮೆತ್ತಿದ್ದೆ.

"ಅಕ್ಕಾ, ನೀ ಅಂದದ್ದ ಖರೆ ಐತಿ," ಎಂದು ಮೆಲ್ಲಗೆ ಅಂದು, ಎರಡೂ ಕಡೆ ನೋಡಿ, "ಅಯ್ಯ ದೊಡ್ಡವನು," ಎಂದು ಗಟ್ಟಿಯಾಗಿ ಸೇರಿಸಿ ಮನೆಯೊಳಗೆ ಹೋದಳು.

ಈಗ ನಾವು ಹಳ್ಳದಾಚೆ ಇದ್ದೇವೆ. ಇಲ್ಲಿಯ ಮಣ್ಣಿನಲ್ಲಿ ಮರಳು ಹೆಚ್ಚು. ಮಡಕೆಯಲ್ಲಿ ಮಾತು ನಿಲ್ಲುವುದಿಲ್ಲ, ನೀರು ಮಾತ್ರ ನಿಲ್ಲುತ್ತದೆ. ನೀರಿಡುವವರು ಕೊಳ್ಳುತ್ತಾರೆ, ಹೊಟ್ಟೆಗೆ ಸಾಕಾಗುತ್ತದೆ. ಆಚೆಯ ಸುದ್ದಿ ಸಂತೆಗೆ ಬಂದವರಿಂದ ತಿಳಿಯುತ್ತದೆ. ಪಾಪಿ ಊರು ಬಿಟ್ಟ ಕೂಡಲೇ ಅಯ್ಯ ತಾನಾಗಿಯೇ ಹೊಂಡವನ್ನು ತಿಳಿಯಾಗಿಸಿಕೊಂಡನೆಂದು ಜಂಬಣ್ಣ ಹಲಗೆ ಬರೆಸಿ ಹಾಕಿದ್ದಾನಂತೆ. ಬಾಟಲಿಗಳು ಮೊದಲಿಗಿಂತ ಹೆಚ್ಚು ಹೋಗುತ್ತಿವೆಯಂತೆ. ನಾವು ಬಂದ ಮೇಲೆ ಊರಿನಲ್ಲಿ ಒಂದೂ ದೂರು ದಾಖಲಾಗಿಲ್ಲ. ಭಕ್ತಿ ಹೆಚ್ಚಾಗಿದೆ, ಅದಕ್ಕೇ ನಿಂದೆ ನಿಂತಿದೆ ಎಂದು ಎಲ್ಲರೂ ಹೆಮ್ಮೆಪಡುತ್ತಾರಂತೆ. ಮಡಕೆ ಮಾಡುವವನಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಹೋದ ವಾರ ಮಧ್ಯಾಹ್ನ ಜಂಬಣ್ಣ ಹಳ್ಳ ದಾಟಿ ಬಂದ. ತಲೆಯ ಮೇಲೆ ಒಂದು ಚೀಲ ಹೊಂಡದ ಮಣ್ಣು. ಬೆವರು ಸುರಿಯುತ್ತಿತ್ತು. ಚೀಲ ಇಳಿಸಿ ಒಂದೇ ಒಂದು ಮಡಕೆ ಮಾಡಿಕೊಡು ಎಂದ. ಈಗ ನಾನು ಊರ ನಿಯಮದವನಲ್ಲ, ಆದ್ದರಿಂದ ಯಾರ ಮೇಲೆ ಎಂದು ಕೇಳಿದೆ. ಯಜಮಾನ ವಿರೂಪಣ್ಣನ ಮೇಲೆ ಎಂದ. ಹಲಗೆಯ ಬಗ್ಗೆ ಅವರೇನೋ ಅಂದರಂತೆ. ಏನಂದರು ಎಂದು ಬಾಳವ್ವ ಒಳಗಿನಿಂದ ಕೇಳಿದಳು. ಅವನು ಬಾಯಿ ತೆರೆದು ಮತ್ತೆ ಮುಚ್ಚಿದ.

ಮಡಕೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಮಾಡಿ, ಒಣಗಿಸಿ, ಸುಡಲು ಆರು ದಿನ ಹಿಡಿಯಿತು. ಅಷ್ಟು ದಿನವೂ ಅವನು ನಮ್ಮ ಜಗುಲಿಯಲ್ಲೇ ಉಂಡು ಮಲಗಿದ. ಇವತ್ತು ಬೆಳಿಗ್ಗೆ ಮಡಕೆಯನ್ನು ಅವನ ಮುಂದಿಟ್ಟೆ.

"ಇಲ್ಲೇ ಹೇಳು. ನಮ್ಮಿಬ್ರ ಮುಂದ, ಕೇಳಿಸೂವಂಗ ಹೇಳು. ಕೇಳಿ ನಾನಽ ಮುಚ್ತೀನಿ," ಎಂದೆ.

ಜಂಬಣ್ಣ ಎರಡೂ ಕೈಯಿಂದ ಮಡಕೆಯನ್ನು ಹತ್ತಿರ ಎಳೆದುಕೊಂಡು ಅದರ ಬಾಯಿಗೆ ಬಾಯಿಟ್ಟ. ಅವನ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಬಾಳವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಕಾದಳು. ಕಾದು ಸಾಕಾಗಿ ರೊಟ್ಟಿ ಸೀದೀತೆಂದು ಒಳಗೆ ಹೋದಳು. ನಾನೂ ಎದ್ದು ಮಣ್ಣು ತುಳಿಯಲು ಹೋದೆ. ಮಣ್ಣು ಹದವಾಗುವವರೆಗೆ ತುಳಿದು ಮುಗಿಸಿ ಬಂದು ನೋಡಿದರೆ ಅವನು ಇನ್ನೂ ಹಾಗೇ ಕುಳಿತಿದ್ದ.